ಎರಡು ಇಂಜಿನ್ ವಿಮಾನ, ಗಿಡ್ಡ ಮಣ್ಣಿನ ಸ್ಟ್ರಿಪ್: ನೆಲ ತುಳಿದು ನೋಡೋದರಿಂದ ಹಾರೋತನಕ

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಹುಡುಗರು ಈಗ ಪೈಲಟ್ ಆಗಾಕತ್ತಾರ, ಅದನ್ನ ನೋಡಿದ್ರ ನನಗ ಎದಿ ತುಂಬಿ ಬರ್ತೈತಿ. ಮಲ್ಟಿ ಇಂಜಿನ್ ರೇಟಿಂಗ್ (ಒಂದಕ್ಕಿಂತ ಹೆಚ್ಚು ಇಂಜಿನ್ ಇರೋ ವಿಮಾನ ಹಾರಿಸೋ ಪರವಾನಗಿ) ಮುಗಿಸ್ತಾರ, ಆದ್ರ ಕಲ್ತಿದ್ದೆಲ್ಲಾ ಡಾಂಬರ್ ಮ್ಯಾಲ. ನಮ್ಮ ಹುಬ್ಬಳ್ಳಿ ರನ್‌ವೇನೇ ತಗೋರಿ, 2600 ಮೀಟರ್ ಐತಿ, ಅಷ್ಟು ಉದ್ದದಾಗ ಸಣ್ಣ ವಿಮಾನ ಎರಡು ಸಲ ಏರಿ ಎರಡು ಸಲ ಇಳಿಬಹುದು. ಆಮ್ಯಾಲ ಹಾರಾಟದ ತಾಸು ಕೂಡಿಸಾಕ ಆಫ್ರಿಕಾ ಕಡೆ ಹೋಗ್ತಾರ, ಅಲ್ಲಿ ಮುಂದ ಕಾಣೋದು 700-800 ಮೀಟರ್ ಮಣ್ಣಿನ ಪಟ್ಟಿ, ತುದಿಗೆ ಗಿಡ, ನಡುವ ಆನಿ.

ನಾನು ಬೋಟ್ಸ್ವಾನಾದ ಮಾವುನ್‌ದಾಗ ಕೆಲವು ವರ್ಷ ಬ್ರಿಟ್ಟನ್-ನಾರ್ಮನ್ ಐಲ್ಯಾಂಡರ್ ಅನ್ನೋ ಎರಡು ಇಂಜಿನ್ನಿನ ಸಣ್ಣ ವಿಮಾನ ಹಾರಿಸಿದವ. ಈ ಸಲ ಯುಗಾದಿಗೆ ಊರಿಗೆ ಬಂದಾಗ ರೇಟಿಂಗ್ ಮುಗಿಸಿದ ಇಬ್ಬರು ಹುಡುಗರು ಹುಬ್ಬಳ್ಳಿಂದ ಬಂದು "ಅಣ್ಣಾ, ಮಣ್ಣಿನ ಸ್ಟ್ರಿಪ್ ಮ್ಯಾಲ ಏನೇನ್ ನೋಡಬೇಕು ಹೇಳ್ರಿ" ಅಂದ್ರು. ಕುರ್ಚಿ ಮ್ಯಾಲ ಕುಂತು ಹೇಳೋ ವಿಷಯ ಅಲ್ಲ ಇದು, ಅದಕ್ಕ ಇಬ್ಬರನ್ನೂ ಶಿಗ್ಗಾವಿ ಹತ್ರ ನಮ್ಮ ದೊಡ್ಡಪ್ಪನ ಹೊಲಕ್ಕ ಕರ್ಕೊಂಡು ಹೋದೆ, ಜ್ವಾಳಾ ಕೊಯ್ದು ಹೊಲ ಖಾಲಿ ಇತ್ತು. ಅಲ್ಲಿ ಯಾವ ವಿಮಾನಾನೂ ಇಳಿಯೋದಿಲ್ಲ, ನಾವು ಆ ಹೊಲಾನ ಸ್ಟ್ರಿಪ್ ಅಂತ ತಿಳ್ಕೊಂಡು ಲೆಕ್ಕಾ ಹಾಕಿದ್ವಿ ಅಷ್ಟ. ಇದನ್ನ ಓದಿ ಯಾರೂ ಸೀದಾ ಹೊಲದಾಗ ಇಳಿಸಾಕ ಹೋಗಬ್ಯಾಡ್ರಿ. ನಮ್ಮ ದೇಶದಾಗ ಡಿಜಿಸಿಎ (ವಿಮಾನಯಾನ ನಿರ್ದೇಶನಾಲಯ) ನಿಯಮ, ಫ್ಲೈಟ್ ಪ್ಲ್ಯಾನ್, ಎಡಿಸಿ (ವಾಯುರಕ್ಷಣಾ ಅನುಮತಿ) ಮತ್ತ ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್, ಜಾಗದ ಮಾಲಕರ ಒಪ್ಪಿಗಿ, ಜಿಲ್ಲಾಡಳಿತ, ಇನ್ಶೂರೆನ್ಸ್ ಎಲ್ಲಾ ಮೊದಲ. ಮಣ್ಣಿನ ಮ್ಯಾಲ ಮೊದಲನೇ ಸಲ ಹೋಗೋದು ಅಲ್ಲಿ ಹಾರಿಸಿ ಪಳಗಿದ ಇನ್‌ಸ್ಟ್ರಕ್ಟರ್ ಪಕ್ಕದಾಗ ಕುಂತಾಗ ಮಾತ್ರ.

ಮೊದಲ ಕೆಲಸ: ಇಂಜಿನ್ ಬಗ್ಗೆ ಇರೋ ತಪ್ಪು ತಿಳುವಳಿಕಿ ಬಿಡೋದು

ಎರಡು ಇಂಜಿನ್ ಐತಿ ಅಂದ್ರ ಒಂದು ಹೋದ್ರ ಇನ್ನೊಂದು ಐತಲ್ಲ ಅಂತ ಎಲ್ಲಾರೂ ಅಂತಾರ. ಮ್ಯಾಲ ಸಾಕಷ್ಟು ಎತ್ತರದಾಗ ಹಾರಾಕತ್ತಿದ್ರ ಆ ಮಾತು ಖರೇ. ಗಿಡ್ಡ ಸ್ಟ್ರಿಪ್‌ನಿಂದ ಏರೋ ಮುಂದ ಖರೇ ಅಲ್ಲ. ಐಲ್ಯಾಂಡರ್ ಪೂರ್ತಿ ಭಾರದಾಗ, ಸಮುದ್ರಮಟ್ಟದಾಗ, ಎರಡೂ ಇಂಜಿನ್ ನಡೀತಿದ್ರ ನಿಮಿಷಕ್ಕ ಸುಮಾರು 860 ಅಡಿ ಏರ್ತೈತಿ. ಒಂದು ಹೋತು ಅಂದ್ರ ಸುಮಾರು 200. ಹೋಗಿದ್ದು ಅರ್ಧ ಪವರ್, ಏರೋ ಶಕ್ತಿಯೊಳಗ ಮಾತ್ರ ಮುಕ್ಕಾಲಿಗಿಂತ ಹೆಚ್ಚು ಹೋತು, ಯಾಕಂದ್ರ ಉಳಿದ ಪವರ್‌ನ ಬಹುಪಾಲು ಬರೇ ಮಟ್ಟಸ ಹಾರಾಕನ ಬೇಕಾಗ್ತೈತಿ, ಅದರ ಮ್ಯಾಲ ಉಳದದ್ದಷ್ಟ ಏರಾಕ. 65 ನಾಟ್ (ತಾಸಿಗೆ ಸುಮಾರು 120 ಕಿಲೋಮೀಟರ್) ವೇಗದಾಗ ನಿಮಿಷಕ್ಕ 200 ಅಡಿ ಅಂದ್ರ 300 ಮೀಟರ್ ಮುಂದ ಹೋಗೋದ್ರಾಗ ಬರೇ 30 ಅಡಿ ಎತ್ತರ. ದೊಡ್ಡಪ್ಪನ ಹೊಲದ ಆ ತುದಿಗೆ ಇರೋ ಬೇವಿನ ಗಿಡಾನ 40 ಅಡಿ ಐತಿ! ಮತ್ತ ಇದು ಸಮುದ್ರಮಟ್ಟದ ಲೆಕ್ಕ, ನಮ್ಮೂರಿಂದಲ್ಲ.

ಇಂಜಿನ್ ಹೋದ್ರ ಏನು ಮಾಡ್ಲಿ ಅನ್ನೋ ಪ್ರಶ್ನಿಗೆ ಉತ್ತರ ನೆಲದ ಮ್ಯಾಲ ನಿಂತಾಗನ ಹುಡಕಬೇಕು, ಗಾಳಿಯೊಳಗ ಅದಕ್ಕ ಪುರಸೊತ್ತು ಇರೂದಿಲ್ಲ. ಮುಂದ ಹೇಳೋದೆಲ್ಲಾ ಈ ಒಂದು ಮಾತಿನ ಸುತ್ತನ ಐತಿ.

ನೆಲ ತುಳಿರಿ

ನಮ್ಮ ಕಡೆ ಮಣ್ಣಿನೊಳಗ ಎರಡು ಜಾತಿ, ಎರಿ ಮತ್ತ ಮಸಾರಿ. ಗದಗ, ರೋಣ, ನರಗುಂದ, ನವಲಗುಂದ ಕಡೆ ಕರೀ ಎರಿ ಭೂಮಿ ಬ್ಯಾಸಗಿಯೊಳಗ ಕಲ್ಲಿನಂಗ ಗಟ್ಟಿ ಕಾಣ್ತೈತಿ, ಆದ್ರ ತುಂಬ ಬಿರುಕು ಬಿಟ್ಟಿರ್ತೈತಿ, ಕೈ ಒಳಗ ಹೋಗುವಂಥಾ ಬಿರುಕು, ಅದರೊಳಗ ಮುಂದಿನ ಗಾಲಿ ಸಿಕ್ಕರ ನೋಸ್ ಗೇರ್ ಮುರಿತೈತಿ, ಅದರ ಹಿಂದ ಎರಡೂ ಪ್ರೊಪೆಲ್ಲರ್ ನೆಲಾ ಬಡಿತಾವು. ಮಳಿ ಬಿದ್ರ ಅದೇ ಮಣ್ಣು ನೀರು ಕುಡದು ಉಬ್ಬತೈತಿ. ಎರಡು ದಿನ ಬಿಸಿಲು ಬಿದ್ದು ಮ್ಯಾಲ ಹಕ್ಕಳಿ ಕಟ್ಟಿರ್ತೈತಿ, ಒಣಗೇತಿ ಅನ್ನಿಸ್ತೈತಿ, ಹಕ್ಕಳಿ ಕೆಳಗ ಇನ್ನೂ ರಾಡಿ. ಎರಿ ಹೊಲದಾಗ ಮಳಿ ಆದಮ್ಯಾಲ ನಡದವರಿಗೆ ಗೊತ್ತು, ನಾಕು ಹೆಜ್ಜಿ ಹಾಕೋದ್ರಾಗ ಒಂದೊಂದು ಚಪ್ಪಲಿ ಎರಡೆರಡು ಕಿಲೋ ಆಗಿರ್ತೈತಿ, ವಿಮಾನದ ಗಾಲಿಗೂ ಹಂಗ ಮೆತ್ಕೊಂಡು ಗಾಲಿ ಮತ್ತ ಫೋರ್ಕ್ ನಡುವ ಗಿಡದು ಗಾಲಿ ತಿರಗದಂಗ ಮಾಡ್ತೈತಿ. ಅದಕ್ಕ ಮಣ್ಣಿನ ಸ್ಟ್ರಿಪ್‌ಗೆ ಹೋಗೋ ವಿಮಾನದ ಗಾಲಿ ಮ್ಯಾಲಿನ ಕವರ್ ಬಿಚ್ಚಿಟ್ಟು ಹೋಗೋದು ರೂಢಿ, ಬಿಚ್ಚಿದಾಗಿನ ಲೆಕ್ಕ ಮ್ಯಾನುವಲ್‌ದಾಗ ಏನೈತಿ ನೋಡ್ಕೊಂಡು.

ಮಸಾರಿ ಮತ್ತ ಗರಸು ನೆಲ ನೀರು ಲಗೂನ ಬಿಡ್ತೈತಿ, ರೋಲರ್ ಹೊಡದ್ರ ಚಲೋ ಕುಂದರತೈತಿ. ಅದರ ತ್ರಾಸು ಬ್ಯಾರೆ, ಸಡಿಲಾದ ಹರಳು. ಅದರ ಮಾತು ಮುಂದ ಬರ್ತೈತಿ.

ದೊಡ್ಡಪ್ಪ ನಮ್ಮ ಜೋಡಿ ನಡೀತಾ ಹಿಮ್ಮಡದಿಂದ ನೆಲ ಒತ್ತಿ ಒತ್ತಿ ನೋಡಾಕತ್ತಿದ್ದ. "ತಮ್ಮಾ, ಇಲ್ಲಿ ನೆಲ ಗಟ್ಟಿ ಐತಿ, ಆ ಬದುವಿನ ಹತ್ರ ನೀರು ನಿಲ್ಲತೈತಿ, ಅಲ್ಲಿ ಟ್ರ್ಯಾಕ್ಟರ್ ಹೂತಿತ್ತು ಹ್ವಾದ ವರ್ಷ" ಅಂದ. ನೋಡ್ರಿ, ಯಾವ ನಕಾಶಿಯೊಳಗೂ ಈ ಮಾತು ಸಿಗೂದಿಲ್ಲ. ಯಾವ ದೇಶಕ್ಕ ಹೋದ್ರೂ ಸ್ಟ್ರಿಪ್ ನೋಡ್ಕೊಳ್ಳೋ ಮನಶ್ಯಾನ್ನ, ದನಾ ಕಾಯೋವನ್ನ ಮೊದಲ ಮಾತಾಡ್ಸ್ರಿ. ನೀರು ಎಲ್ಲಿ ನಿಲ್ಲತೈತಿ, ಕಡೀ ಮಳಿ ಯಾವಾಗ ಆತು, ಇರುವಿ ಹುತ್ತ ಎಲ್ಲಿ ಎದ್ದಾವು, ಯಾರರ ಹೊಸಾ ತಂತಿ ಎಳದಾರೇನು.

ಆಮ್ಯಾಲ ಪೂರ್ತಿ ಉದ್ದ ನಡೀರಿ, ನಡುವ ಒಂದು ಸಲ, ಗಾಲಿ ಓಡೋ ಸಾಲಿನ ಮ್ಯಾಲ ಎರಡು ಸಲ. ನನ್ನ ಹೆಜ್ಜಿ 75 ಸೆಂಟಿಮೀಟರ್ ಅಂತ ಮೊದಲ ಅಳದಿಟ್ಕೊಂಡೀನಿ, ಅವತ್ತ 853 ಹೆಜ್ಜಿ ಆತು, 640 ಮೀಟರ್. ಗಾಡಿ ಸಿಕ್ಕರ ಒಂದು ಹಳೇ ಪರೀಕ್ಷಾ ಐತಿ, ಆಸ್ಟ್ರೇಲಿಯಾದವರು ಹೇಳೋದು, ಬಿರುಸು ಸ್ಪ್ರಿಂಗ್ ಇರೋ ಗಾಡಿಯೊಳಗ ತಾಸಿಗೆ 75 ಕಿಲೋಮೀಟರ್ ವೇಗದಾಗ ಸ್ಟ್ರಿಪ್ ಮ್ಯಾಲ ಹೋಗಬೇಕು, ಒಳಗ ಕುಂತವರಿಗೆ ತ್ರಾಸಾಗಲಿಲ್ಲ ಅಂದ್ರ ಮ್ಯಾಲ್ಮೈ ಸಾಕಷ್ಟು ಸಮ ಐತಿ ಅಂತ ಅರ್ಥ. ಇದು ಉಬ್ಬು ತಗ್ಗು ಹೇಳ್ತೈತಿ, ಮೆತ್ತಗ ಐತೋ ಗಟ್ಟಿ ಐತೋ ಹೇಳೂದಿಲ್ಲ, ಅದಕ್ಕ ಹಾರಿ ಬೇಕು. ಕಬ್ಬಿಣದ ಹಾರಿ ಹತ್ತು ಕಡೆ ಊರಿ ನೋಡ್ರಿ, ಒಂದು ಕಡೆ ಸಲೀಸಾಗಿ ಒಳಗ ಹೋತಂದ್ರ ಆ ಜಾಗಕ್ಕ ಸುಣ್ಣದ ಗುರುತು ಹಾಕ್ರಿ. ಜ್ವಾಳದ ಕೂಳಿನೂ ನೋಡ್ರಿ, ಒಣಗಿದ ಕೂಳಿ ಚೂಪ ಇರ್ತೈತಿ.

ಲೆಕ್ಕ

ಇಲ್ಲೆ ಹುಡುಗರು ಲಗೂ ಲಗೂ ಮಾಡ್ತಾರ, ಮಾಡಬ್ಯಾಡ್ರಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 2170 ಅಡಿ ಎತ್ತರ, ನಮ್ಮ ಹೊಲಕ್ಕೂ ಅದನ್ನ ಹಿಡದ್ವಿ. ಆ ಎತ್ತರಕ್ಕ ಸ್ಟ್ಯಾಂಡರ್ಡ್ ಉಷ್ಣತಾ 11 ಡಿಗ್ರಿ ಹತ್ರ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ರ 26 ಡಿಗ್ರಿ ಹೆಚ್ಚು, ಡಿಗ್ರಿಗೆ 120 ಅಡಿಯಂಗ ಕೂಡಿಸ್ರಿ, ಡೆನ್ಸಿಟಿ ಆಲ್ಟಿಟ್ಯೂಡ್ 5300 ಅಡಿ ಹತ್ರ ಬರ್ತೈತಿ. ಅಂದ್ರ ನಾವು ನಿಂತಿದ್ದು ಶಿಗ್ಗಾವಿಯೊಳಗ, ಇಂಜಿನ್ ಮತ್ತ ರೆಕ್ಕಿಗೆ ಅನ್ನಸೋದು 5300 ಅಡಿ ಗುಡ್ಡದ ಮ್ಯಾಲ. ಟರ್ಬೋ ಇಲ್ಲದ ಇಂಜಿನ್ 1000 ಅಡಿಗೆ ಸುಮಾರು 3 ಪರ್ಸೆಂಟ್ ಪವರ್ ಕಳಕೊಂತೈತಿ, ಇಲ್ಲೆ 15-16 ಪರ್ಸೆಂಟ್ ಹೋತು. ಅದೇ ಮುಂಜಾನಿ 22 ಡಿಗ್ರಿ ಇದ್ರ 3500 ಅಡಿ.

ಐಲ್ಯಾಂಡರ್ ಪೂರ್ತಿ ಭಾರ, ಅಂದ್ರ 2994 ಕಿಲೋ ಹೊತ್ತು, 50 ಅಡಿ ಎತ್ತರ ದಾಟೋತನಕ ಸಮುದ್ರಮಟ್ಟದಾಗ ಸುಮಾರು 370 ಮೀಟರ್ ತಗೊಂತೈತಿ. ಇದನ್ನ ನೋಡಿ ಒಬ್ಬ ಹುಡುಗ "ಹೊಲ 640 ಐತಿ, ಆರಾಮ ಆಗ್ತೈತಲ್ಲಣ್ಣ" ಅಂದ. ತಡಿಯಪ್ಪ ಅಂದೆ. ನಿಮ್ಮ ವಿಮಾನದ ಮ್ಯಾನುವಲ್‌ದಾಗ ಚಾರ್ಟ್ ಇದ್ರ ಅದನ್ನೇ ಹಿಡೀರಿ, ಇಲ್ಲದಲ್ಲಿ ಬ್ರಿಟನ್ನಿನ ಸಿವಿಲ್ ಏವಿಯೇಶನ್ ಅಥಾರಿಟಿ ಸಣ್ಣ ವಿಮಾನದವರಿಗೆ ಕೊಟ್ಟ ಗುಣಕಗಳು ಅದಾವು, ನಾನು ಅವನ್ನ ನಂಬ್ತೀನಿ. ಟೇಕಾಫ್‌ಗೆ ಬೇಕಾಗೋ ಉದ್ದ 1000 ಅಡಿ ಎತ್ತರಕ್ಕ 10 ಪರ್ಸೆಂಟ್ ಹೆಚ್ಚಾಗ್ತೈತಿ, 10 ಡಿಗ್ರಿ ಬಿಸಿಗೆ 10 ಪರ್ಸೆಂಟ್, ಒಣ ಹುಲ್ಲಿನ ನೆಲಕ್ಕ 20, ಹಸೀ ಹುಲ್ಲಿಗೆ 30, ಮೆತ್ತನ ನೆಲಕ್ಕ 25 ಅಥವಾ ಹೆಚ್ಚು, ಓಡೋ ದಿಕ್ಕಿಗೆ ನೆಲ 2 ಪರ್ಸೆಂಟ್ ಏರಿದ್ರ 10, ಭಾರ 10 ಪರ್ಸೆಂಟ್ ಹೆಚ್ಚಾದ್ರ 20. ಕಡೀಕ ಎಲ್ಲಾದರ ಮ್ಯಾಲ ಸುರಕ್ಷತಾ ಗುಣಕ 1.33. ಇವನ್ನ ಕೂಡಿಸಬಾರದು, ಒಂದರ ಮ್ಯಾಲ ಒಂದು ಗುಣಾಕಾರ ಮಾಡಬೇಕು.

ಹಾಕ್ರಿ ಈಗ. 370 ಮೀಟರ್, ಎತ್ತರಕ್ಕ 1.21, 15ರಿಂದ 37 ಡಿಗ್ರಿಗೆ 1.23, ನೆಲಕ್ಕ 1.2, ಅಲ್ಲಿಗೆ 660 ದಾಟ್ತು. ಸುರಕ್ಷತಾ 1.33 ಹಾಕಿದ್ರ 880 ಹತ್ರ ಬಂತು. ಹೊಲ ಎಷ್ಟು? 640. ಅವನ ಮಾರಿ ನೋಡಬೇಕಿತ್ತು ನೀವು, ಪಾಪ. ಮುಂಜಾನಿ 22 ಡಿಗ್ರಿಗೆ ಅದೇ ಲೆಕ್ಕ 765ಕ್ಕ ಇಳೀತು, ಬರೇ ಹೊತ್ತು ಬದಲಿ ಮಾಡಿದ್ದಕ್ಕ 115 ಮೀಟರ್ ಉಳೀತು. ಇನ್ನ ಭಾರ 300 ಕಿಲೋ ಇಳಿಸಿದ್ವಿ ಅಂದ್ರ 637. ಮೂರು ಮೀಟರ್ ಉಳೀತು ಅಂತ ಇಬ್ಬರೂ ಕುಣದಾಡಿದ್ರು. ನಾನು ಬ್ಯಾಡ ಅಂದೆ. ಪುಷ್ಯ ಮಾಸದಾಗ ಇಬ್ಬನಿ ಬಿದ್ದು ಹುಲ್ಲು ಹಸಿ ಇದ್ರ 1.2 ಹೋಗಿ 1.3 ಬರ್ತೈತಿ, ಲೆಕ್ಕ 690 ಆಗ್ತೈತಿ, ಇಬ್ಬನಿ ಆರೋತನಕ ಕಾದ್ರ ಬಿಸಿ ಏರ್ತೈತಿ, ಮತ್ತ ತುದಿಯ ಬೇವಿನ ಗಿಡ 40 ಅಡಿ ಇರೋದ್ರಿಂದ ಅದಕ್ಕ ಅಡಚಣಿ ಇಲ್ಲದ ಇನ್ನೊಂದು ದಿಕ್ಕು ಬೇಕು. ಇನ್ನೂ 110-120 ಕಿಲೋ ಕೆಳಗ ಇಳಸ್ರಿ ಇಲ್ಲ ಬ್ಯಾರೆ ಹೊಲ ನೋಡ್ರಿ. ಸಾಮಾನು ಎರಡು ಟ್ರಿಪ್‌ನಾಗ ಒಯ್ಯೋದಕ್ಕ ನಾಚಿಗಿ ಬ್ಯಾಡ. ಆದ್ರ ಭಾರ ಇಳಸಾಕಂತ ರಿಸರ್ವ್ ಇಂಧನಾ ಮುಟ್ಟಬ್ಯಾಡ್ರಿ, ಅದು ಮಾತ್ರ ಎಂದೂ ಬ್ಯಾಡ.

ಗಾಳಿ ಮತ್ತ ಪ್ರಾಣಿ

ವಿಂಡ್‌ಸಾಕ್ ಇಲ್ಲದಿದ್ರ ಕಂಬಕ್ಕ ಒಂದು ಹಳೇ ಧೋತರಾ ಕಟ್ಟಿದ್ರ ನಡೀತೈತಿ. ರಾಶಿ ತೂರೋ ರೈತನಿಗೆ ಗಾಳಿ ಯಾವ ಹೊತ್ತಿಗೆ ಯಾವ ಕಡಿಂದ ಏಳ್ತೈತಿ ಅಂತ ಗೊತ್ತಿರ್ತೈತಿ, ದೊಡ್ಡಪ್ಪ ಕಣ್ಣು ಮುಚ್ಚಿ ಹೇಳ್ತಾನ. ಬೆನ್ನಿಗೆ ಗಾಳಿ ಇಟ್ಕೊಂಡು ಏರೋದಾಗಲಿ ಇಳಿಯೋದಾಗಲಿ ಬ್ಯಾಡ, ನೆಲ ಬಿಡೋ ವೇಗದ 10 ಪರ್ಸೆಂಟ್‌ನಷ್ಟು ಹಿಂಬದಿ ಗಾಳಿ ಇದ್ರ ಉದ್ದ 20 ಪರ್ಸೆಂಟ್ ಹೆಚ್ಚಾಗ್ತೈತಿ. ಅಡ್ಡಮಳಿ ಕಾಲದಾಗ ಮಧ್ಯಾಹ್ನ ಮೋಡ ಕಟ್ಟೋ ಮುಂದ ಗಾಳಿ ಒಮ್ಮೆಲೇ ದಿಕ್ಕು ತಿರಗತೈತಿ, ಅವಾಗ ಹೊಂಡೂದ ಬ್ಯಾಡ.

ಪ್ರಾಣಿ ವಿಷಯ, ಬೋಟ್ಸ್ವಾನಾದ ಒಕವಾಂಗೋದಾಗ ಆನಿ, ನಮ್ಮಲ್ಲೆ ಎಮ್ಮಿ ಮತ್ತ ನಾಯಿ, ರಾಣೆಬೆನ್ನೂರ ಕಡೆ ಕೃಷ್ಣಮೃಗ, ಬಂಕಾಪುರದ ಹತ್ರ ನವಿಲು. ಚಳಿಗಾಲದಾಗ ಗದಗ ಜಿಲ್ಲಾದ ಮಾಗಡಿ ಕೆರಿಗೆ ಪಟ್ಟೆತಲೆ ಹೆಬ್ಬಾತುಗಳು ಬರ್ತಾವು, ಒಂದೊಂದು ಎರಡು ಮೂರು ಕಿಲೋ ತೂಗ್ತಾವು, ಹೊಲಕ್ಕ ಮೇಯಾಕ ಗುಂಪು ಗುಂಪಾಗಿ ಹೋಗಿ ಬರ್ತಾವು. ಅಂಥಾ ಒಂದು ಹಕ್ಕಿ ಇಂಜಿನ್‌ಗೋ ಕಾಜಿಗೋ ಬಡದ್ರ ಏನಾಗ್ತೈತಿ ಅಂತ ಬಿಡಿಸಿ ಹೇಳೂದು ಬ್ಯಾಡ. ಎಲ್ಲೇ ಇರ್ರಿ, ಅಲ್ಲಿನ ಪ್ರಾಣಿ ಯಾವ ಹೊತ್ತಿಗೆ ಎಲ್ಲಿ ಓಡ್ಯಾಡ್ತಾವು ಅನ್ನೋದನ್ನ ತಿಳ್ಕೊಂಡು ನಿಮ್ಮ ಹೊತ್ತು ಆರಸ್ಕೋರಿ, ಸ್ಟ್ರಿಪ್ ಮ್ಯಾಲ ಒಬ್ಬ ಮನಶ್ಯಾ ನಿಂತು ಕಾಯ್ಬೇಕು.

ಟ್ಯಾಕ್ಸಿ ಮತ್ತ ಹರಳು

ಪ್ರೊಪೆಲ್ಲರ್ ನೆಲದಿಂದ ಹರಳು ಎಳ್ಕೊಂತೈತಿ, ನಿಂತಲ್ಲೇ ಪವರ್ ಕೊಟ್ರ ಇನ್ನೂ ಹೆಚ್ಚು. ಮುಂದಿನ ಗಾಲಿ ಎಸೆಯೋ ಕಲ್ಲು ಎರಡೂ ಕಡೆ ಪ್ರೊಪೆಲ್ಲರ್ ಹತ್ರ ಹೋಗ್ತಾವು, ಹಿಂದಿನ ಗಾಲಿವು ಫ್ಲ್ಯಾಪ್‌ಗೂ (ರೆಕ್ಕಿ ಹಿಂದಿನ ಇಳಿಬಿಡೋ ಹಲಗಿ) ಬಾಲಕ್ಕೂ ಬಡೀತಾವು. ಐಲ್ಯಾಂಡರ್‌ದು ರೆಕ್ಕಿ ಮ್ಯಾಲ ಇದ್ದು ಇಂಜಿನ್ ಎತ್ತರಕ್ಕ ಇರೋದ್ರಿಂದ ಬಚಾವ್, ಕೆಳಗ ರೆಕ್ಕಿ ಇರೋ ವಿಮಾನಕ್ಕ ತ್ರಾಸು ಹೆಚ್ಚು. ರನ್-ಅಪ್, ಅಂದ್ರ ಏರೋ ಮೊದಲ ಪವರ್ ಕೊಟ್ಟು ಇಂಜಿನ್ ಪರೀಕ್ಷಾ ಮಾಡೋದು, ಗಟ್ಟಿ, ಸ್ವಚ್ಛ ಜಾಗದಾಗ ಮಾಡ್ರಿ, ನಾವು ಕಸಬರಿಗಿ ಹಿಡದು ನಾಕು ಮೀಟರ್ ಜಾಗ ಗುಡಿಸಿ ಮಾಡ್ತಿದ್ವಿ. ಅಂಥಾ ಜಾಗ ಇಲ್ಲದಿದ್ರ ನಿಧಾನ ಉರುಳ್ತಾ ಇರೋ ಮುಂದ ಮ್ಯಾನುವಲ್ ಒಪ್ಪೋವಷ್ಟು ಚೆಕ್ ಮಾಡ್ಕೋರಿ. ಯೋಕ್ (ವಿಮಾನ ನಡಸೋ ಹಿಡಿಕಿ) ಪೂರ್ತಿ ಹಿಂದಕ್ಕ ಎಳಕೊಂಡಿರ್ರಿ, ಮುಂದಿನ ಗಾಲಿ ಮ್ಯಾಲ ಭಾರ ಬೀಳಬಾರದು. ಮೆತ್ತನ ಜಾಗದಾಗ ನಿಲ್ಲಬ್ಯಾಡ್ರಿ, ಬ್ರೇಕ್ ಹಿಡದು ಒಂದೇ ಗಾಲಿ ಮ್ಯಾಲ ತಿರುಗಸಬ್ಯಾಡ್ರಿ, ಗಾಲಿ ನೆಲಾ ಅಗೀತೈತಿ. ಹೊರಗಿನ ಇಂಜಿನ್‌ಗೆ ಸ್ವಲ್ಪ ಪವರ್ ಕೊಟ್ಟು ಅಗಲಾಗಿ ತಿರುಗಸ್ರಿ, ಎರಡು ಇಂಜಿನ್ ಇರೋದರ ಖರೇ ಲಾಭ ಇಲ್ಲೆ ಐತಿ. ನಾನು ಮೊದಲನೇ ವರ್ಷ ಒಂದು ಮಳಿ ಆದ ಸಂಜಿ ಲಗೂ ಮಾಡಿ ಗಿಡ್ಡ ತಿರುವು ಹಾಕಿ ಮುಂದಿನ ಗಾಲಿ ಹೂತು ಹಾಕಿದ್ದೆ, ಆರು ಮಂದಿ ಹಲಗಿ ಹಾಕಿ ಎತ್ತಬೇಕಾತು, ರಾತ್ರಿ ಅಲ್ಲೇ ಕಳದ್ವಿ.

ಧೂಳಿನಾಗ ಕಾರ್ಬ್ ಹೀಟ್ ಅಥವಾ ಆಲ್ಟರ್ನೇಟ್ ಏರ್ (ಇಂಜಿನ್‌ಗೆ ಬ್ಯಾರೆ ದಾರಿಲೆ ಗಾಳಿ ಕೊಡೋ ಬಾಗಲಾ) ನೆಲದ ಮ್ಯಾಲ ಸುಮ್ಮನ ತೆಗೀಬ್ಯಾಡ್ರಿ, ಆ ಗಾಳಿ ಫಿಲ್ಟರ್ ಇಲ್ಲದ ದಾರಿಲೆ ಬರ್ತೈತಿ, ಧೂಳು ಸೀದಾ ಸಿಲಿಂಡರಿಗೆ. ಬ್ಯಾರಲ್‌ನಿಂದ ಇಂಧನ ತುಂಬೋದಿದ್ರ ಸೋಸಿ ತುಂಬ್ರಿ, ಪ್ರತಿ ಸಲ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ತೆಗದು ನೀರು ಐತೇನು ನೋಡ್ರಿ.

ಟೇಕಾಫ್: ಇಲ್ಲೆ ಜೀವಾ ಹೋಗ್ತಾವು

ಒಂದು ಇಂಜಿನ್ ವಿಮಾನದಾಗ ಮೆತ್ತನ ನೆಲಕ್ಕ ಏನು ಕಲಿಸಿರ್ತಾರ? ಮೂಗು ಎತ್ತು, ಎಷ್ಟು ಲಗೂ ಆಗ್ತೈತೋ ಅಷ್ಟು ಲಗೂ ನೆಲ ಬಿಡು, ನೆಲದ ಹತ್ರನ ಹಾರಿ ವೇಗ ಕೂಡಿಸ್ಕೋ. ಎರಡು ಇಂಜಿನ್ ವಿಮಾನದಾಗ ಈ ರೂಢಿ ಕೊಲ್ತೈತಿ, ಯಾಕಂದ್ರ ರೆಡ್ ಲೈನ್ ಅಂದ್ರ ವಿಎಂಸಿಗಿಂತ (ಒಂದೇ ಇಂಜಿನ್ ಮ್ಯಾಲ ವಿಮಾನ ಹಿಡಿತದಾಗ ಇರಾಕ ಬೇಕಾದ ಕನಿಷ್ಠ ವೇಗ) ಕಡಿಮಿ ವೇಗದಾಗ ಒಂದು ಇಂಜಿನ್ ಹೋದ್ರ, ಇನ್ನೊಂದು ಪೂರ್ತಿ ಪವರ್ ಮ್ಯಾಲಿದ್ರ, ರಡ್ಡರ್ (ಮೂಗು ಎಡಬಲಕ್ಕ ತಿರುಗಸೋ ಕಾಲಿನ ಪೆಡಲ್) ಪೂರ್ತಿ ತುಳದ್ರೂ ವಿಮಾನ ತಿರುಗಿ ಮಗ್ಗಲಾಗಿ ಮಗಚತೈತಿ, ಅದೂ ಗಿಡದ ಎತ್ತರದಾಗ. ಐಲ್ಯಾಂಡರ್‌ದು ವಿಎಂಸಿ ಬರೇ 39 ನಾಟ್, ಹಂಗಾಗಿ ಅದು ಗಿಡ್ಡ ಸ್ಟ್ರಿಪ್‌ಗೆ ಹೇಳಿ ಮಾಡಿಸಿದ ವಿಮಾನ. ಪೈಪರ್ ಸೆನೆಕಾ-2 ಅನ್ನೋ ಇನ್ನೊಂದು ಎರಡು ಇಂಜಿನ್ ವಿಮಾನದ್ದು 66, ಬ್ಲೂ ಲೈನ್ (ಒಂದೇ ಇಂಜಿನ್ ಮ್ಯಾಲ ಎಲ್ಲಾಕ್ಕಿಂತ ಚಲೋ ಏರೋ ವೇಗ) 89. ಸೆನೆಕಾನ ನೆಲದಿಂದ ಎಳದ್ರ 66ಕ್ಕಿಂತ ಮೊದಲ ಎದ್ದರೂ ಏಳ್ತೈತಿ, ಏಳಸಬಾರದು. ನನ್ನ ಚೆಕ್ ಪೈಲಟ್ ಮೊದಲ ವಾರ ನಾನು ಯೋಕ್ ಎಳದಾಗ ತನ್ನ ಕೈಲೆ ಮುಂದಕ್ಕ ಒತ್ತಿ ಹಿಡದು "ಇನ್ನೂ ಇಲ್ಲ" ಅಂದಿದ್ದ, ಆ ಒತ್ತು ಇನ್ನೂ ನನ್ನ ಅಂಗೈಯೊಳಗ ಐತಿ. ಕಡಿಮಿ ಅಂದ್ರೂ ವಿಎಂಸಿ ಮ್ಯಾಲ 5 ನಾಟ್ ಅಥವಾ ಮ್ಯಾನುವಲ್ ಹೇಳಿದ ವೇಗ, ಎರಡರಾಗ ಯಾವುದು ಹೆಚ್ಚೋ ಅದು. ಆ ವೇಗಕ್ಕ ಮೊದಲ ನೆಲ ಬಿಡದಿದ್ರ ಈ ಮೆತ್ತನ ನೆಲ ಸಾಲೂದಿಲ್ಲ ಅನಿಸ್ತಂದ್ರ, ಆ ವಿಮಾನಕ್ಕ ಆ ಸ್ಟ್ರಿಪ್ ಅಲ್ಲ.

ಹೊಂಡೋ ಮೊದಲ ಸ್ಟ್ರಿಪ್‌ನ ಅರ್ಧಕ್ಕ ಒಂದು ಗುರುತು ಇಡ್ರಿ, ಹಳೇ ಟೈರ್‌ಗೆ ಸುಣ್ಣ ಬಳದ್ರ ಸಾಕು. ಅರ್ಧಕ್ಕ ಬಂದಾಗ ನೆಲ ಬಿಡೋ ವೇಗದ 70 ಪರ್ಸೆಂಟ್ ಬಂದಿರಬೇಕು, ಬಂದಿಲ್ಲಂದ್ರ ಎರಡೂ ಥ್ರಾಟಲ್ (ಪವರ್ ಲಿವರ್) ಹಿಂದಕ್ಕ, ನಿಲ್ಲಸ್ರಿ. ಅದರ ಜೋಡಿ ಅರ್ಧದಿಂದ ನಿಲ್ಲಾಕ ಜಾಗ ಸಾಕೇನು ಅಂತ ಮೊದಲ ಲೆಕ್ಕ ಹಾಕಿರ್ರಿ, ಸಡಿಲ ಹರಳಿನ ಮ್ಯಾಲ ಬ್ರೇಕ್ ಹಿಡಿಯೋದು ಗೋಲಿ ಮ್ಯಾಲ ನಿಂತಂಗ.

ಆಮ್ಯಾಲ ಇಂಜಿನ್ ಚಾಲೂ ಮಾಡೋ ಮೊದಲ ಬಾಯಿ ಬಿಟ್ಟು ದೊಡ್ಡಕ ಹೇಳ್ರಿ, ಮನಸಿನ್ಯಾಗ ಅಲ್ಲ: "ನೆಲದ ಮ್ಯಾಲ ಇದ್ದಾಗ ಹೋದ್ರ ಎರಡೂ ಥ್ರಾಟಲ್ ಬಂದ್. ಎದ್ದಮ್ಯಾಲ ಬ್ಲೂ ಲೈನ್ ಮುಟ್ಟೋ ಮೊದಲ ಹೋದ್ರೂ ಎರಡೂ ಬಂದ್, ರೆಕ್ಕಿ ಮಟ್ಟಸ, ಮುಂದ ಎಡಕ್ಕ ಇರೋ ಖಾಲಿ ಹೊಲ. ಬ್ಲೂ ಲೈನ್ ದಾಟಿ, ಮುಂದಿನ ಅಡಚಣಿ ದಾಟೋ ಎತ್ತರ ಬಂದಿದ್ರ ಮಾತ್ರ ಒಂದು ಇಂಜಿನ್ ಮ್ಯಾಲ ಹೋಗ್ತೀನಿ." ಚಲೋ ನಡಿಯೋ ಇಂಜಿನ್ ಕೈಯಾರೆ ಬಂದ್ ಮಾಡೋದು ಭಾಳ ಕಠಿಣ, ಮನಸು ಒಪ್ಪೂದಿಲ್ಲ. ಆದ್ರ ರೆಕ್ಕಿ ಮಟ್ಟಸ ಇಟ್ಟು ಹಿಡಿತದಾಗ ಜ್ವಾಳದ ಹೊಲಕ್ಕ ಇಳದವರು ಎದ್ದು ನಡದು ಬರ್ತಾರ, ಮಗಚಿ ಬಿದ್ದವರು ಬರೂದಿಲ್ಲ.

ಹೋಗ್ತೀನಿ ಅಂತ ಆದ್ರ ಪವರ್ ಪೂರ್ತಿ, ಗೇರ್ (ಗಾಲಿ) ಎತ್ತೋದಿದ್ರ ಎತ್ರಿ, ಫ್ಲ್ಯಾಪ್ ಮ್ಯಾನುವಲ್ ಹೇಳಿದಂಗ. ಯಾವ ಕಾಲು ಸುಮ್ಮನ ಕುಂತೈತೋ ಆ ಕಡೆ ಇಂಜಿನ್ ಸತ್ತೈತಿ. ಆ ಕಡೆ ಥ್ರಾಟಲ್ ಎಳದು ಖಾತ್ರಿ ಮಾಡ್ಕೊಂಡು ಫೆದರ್ ಮಾಡ್ರಿ, ಅಂದ್ರ ಪ್ರೊಪೆಲ್ಲರ್ ಅಲಗು ಗಾಳಿಗೆ ಅಡ್ಡ ಆಗದಂಗ ತಿರುಗಸ್ರಿ. ತಡಾ ಮಾಡಬ್ಯಾಡ್ರಿ, ಬಹಳಷ್ಟು ಪ್ರೊಪೆಲ್ಲರ್ ಸುಮಾರು 800 ಆರ್‌ಪಿಎಂ ಕೆಳಗ ಬಂದ್ರ ಪಿನ್ ಬಿದ್ದು ಫೆದರ್ ಆಗೂದಿಲ್ಲ. ನಡಿಯೋ ಇಂಜಿನ್ ಕಡೆ 5 ಡಿಗ್ರಿ ತನಕ ವಾಲಿಸಿ ಬ್ಲೂ ಲೈನ್ ವೇಗ ಹಿಡೀರಿ.

ಇಳಿಯೋದು

ಗೊತ್ತಿಲ್ಲದ ಸ್ಟ್ರಿಪ್ ಮ್ಯಾಲ ಮೊದಲ 500 ಅಡಿಯೊಳಗ ಒಂದು ಸುತ್ತು, ಬರೇ ನೋಡಾಕ. ತಂತಿ ಕಣ್ಣಿಗೆ ಕಾಣೂದಿಲ್ಲ, ಕಂಬ ಹುಡಕ್ರಿ, ಕಂಬ ಇದ್ದಲ್ಲಿ ತಂತಿ ಐತಿ ಅಂತನ ತಿಳೀರಿ. ಉದ್ದ ಅಳಿಯಾಕ ಗಡಿಯಾರ ಸಾಕು, ಗಾಳಿ ಇಲ್ಲದಾಗ 80 ನಾಟ್ ಅಂದ್ರ ಸೆಕೆಂಡಿಗೆ 41 ಮೀಟರ್, ಈ ತುದಿಯಿಂದ ಆ ತುದಿಗೆ 15 ಸೆಕೆಂಡ್ ಆದ್ರ 615 ಮೀಟರ್. ಇಳಿಯೋ ಲೆಕ್ಕಕ್ಕೂ ಗುಣಕ ಅದಾವು, ಒಣ ಹುಲ್ಲಿಗೆ 15 ಪರ್ಸೆಂಟ್, ಹಸೀದಕ್ಕ 35, ಸುರಕ್ಷತಾ 1.43.

ಇಳಿತೀನಿ ಅನ್ನೋದು ಖಾತ್ರಿ ಆಗೋತನಕ ಬ್ಲೂ ಲೈನ್ ಕೆಳಗ ಹೋಗಬ್ಯಾಡ್ರಿ, ಖಾತ್ರಿ ಆದಮ್ಯಾಲ ಗಿಡ್ಡ ಸ್ಟ್ರಿಪ್ ವೇಗ, ಅದರ ಮ್ಯಾಲ "ಸೇಫ್ಟಿಗೆ ಇರಲಿ" ಅಂತ ಹತ್ತು ನಾಟ್ ಕೂಡಿಸಬ್ಯಾಡ್ರಿ, ಆ ಹತ್ತು ನಾಟ್ ಸ್ಟ್ರಿಪ್ ತಿಂದು ಹಾಕ್ತೈತಿ. ಸುಣ್ಣದ ಗುರುತಿನ ಮ್ಯಾಲ ಹಿಂದಿನ ಗಾಲಿ ಕುಂದರಸ್ರಿ, ಮೂಗು ಎತ್ತಿ ಹಿಡೀರಿ, ಬ್ರೇಕ್ ಮೆಲ್ಲಕ. ಫ್ಲ್ಯಾಪ್ ಎತ್ತೋ ಅವಸರದಾಗ ಗೇರ್ ಲಿವರ್ ಎಳದವರು ಭಾಳ ಮಂದಿ ಅದಾರ, ನಿಂತ ಮ್ಯಾಲ ಕಣ್ಣಿಲೆ ನೋಡಿ ಎತ್ರಿ. ಸಂಶಯ ಬಂದ್ರ ಎತ್ತರ ಇದ್ದಾಗನ ವಾಪಸ್ ಏರ್ರಿ, ಒಂದು ಇಂಜಿನ್ ಮ್ಯಾಲ ಬರಾಕತ್ತಿದ್ರ ಗೋ-ಅರೌಂಡ್ ಅನ್ನೋದನ್ನ ಮರೀರಿ, ಅಂಥಾ ಹೊತ್ತಿನಾಗ ಗಿಡ್ಡ ಸ್ಟ್ರಿಪ್ ಬಿಟ್ಟು ಉದ್ದ ಡಾಂಬರ್ ರನ್‌ವೇಗೆ ಹೋಗ್ರಿ, ಎಷ್ಟು ದೂರ ಇದ್ರೂ.

ಇಂಜಿನ್ ಬಂದ್ ಮಾಡಿ, ಮ್ಯಾಗ್ನೆಟೋ (ಇಂಜಿನ್‌ಗೆ ಕಿಡಿ ಕೊಡೋದು) ಆಫ್ ಅಂತ ಎರಡು ಸಲ ನೋಡ್ಕೊಂಡು, ಎರಡೂ ಪ್ರೊಪೆಲ್ಲರ್‌ನ ಮುಂದಿನ ಅಂಚಿನ ಮ್ಯಾಲ ಬೆರಳು ಆಡಸ್ರಿ. ಹರಳು ಬಡದು ಉಗುರು ಸಿಗುವಷ್ಟು ಕಚ್ಚು ಬಿದ್ದಿದ್ರ ಅಲ್ಲಿಂದನ ಬಿರುಕು ಶುರು ಆಗಿ ತುದಿ ಹಾರಿ ಹೋಗಬಹುದು, ಎಎಂಇ (ವಿಮಾನ ರಿಪೇರಿ ಇಂಜಿನಿಯರ್) ನೋಡಿ ಕಾನಸ ಹಾಕಿ ನುಣ್ಣಗ ಮಾಡಿ ಸಹಿ ಹಾಕೋತನಕ ಹೊಂಡಬ್ಯಾಡ್ರಿ. ಫ್ಲ್ಯಾಪ್ ಕೆಳಗಿನ ಮೈ, ಹೊಟ್ಟಿ ಕೆಳಗಿನ ಆಂಟೆನಾ, ನೋಸ್ ಗೇರ್‌ನ ಎಣ್ಣಿ, ಬ್ರೇಕ್ ಡಿಸ್ಕ್‌ನಾಗ ಸಿಕ್ಕೊಂಡ ಹುಲ್ಲು, ಎಲ್ಲಾ ನೋಡ್ರಿ. ಹುಲ್ಲು ತೆಗದು ಬಿಡ್ರಿ, ಬಿಸಿ ಡಿಸ್ಕ್‌ಗೆ ಒಣ ಹುಲ್ಲು ಹತ್ತಿ ಉರೀತೈತಿ.